ಒಬ್ಬರೇ, ಕ್ಯಾಮೆರಾ ಸಮೇತ, ಹಿಮಾಲಯದ ಸರೋವರಗಳಿಗೆ: ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಿಂದ ಬರಲಿ, ಪಿಂಪ್ರಿಯಿಂದ ಬರಲಿ, ವಾಸ್ಕೋದಿಂದ ಬರಲಿ, ಮೊದಲು ಬರುವ ಪ್ರಶ್ನೆ "ಯಾವ ಲೆನ್ಸ್ ಒಯ್ಯಲಿ?" ಎಂಬುದು. ಕೇಳಬೇಕಾದ್ದು "ಎಷ್ಟು ದಿನ ರಜೆ ಸಿಗುತ್ತದೆ?" ಎಂದು. 3,500 ಮೀಟರಿನ ಮೇಲೆ ಒಬ್ಬರೇ ಇದ್ದಾಗ ಇನ್ನೊಂದು ಲೆನ್ಸಿಗಿಂತ ಇನ್ನೊಂದು ದಿನ ಹೆಚ್ಚು ಉಪಯೋಗಕ್ಕೆ ಬರುತ್ತದೆ: ದೇಹ ಒಗ್ಗಲು, ಮೋಡ ಸರಿಯಲು, ಕುಸಿದ ರಸ್ತೆ ತೆರೆಯಲು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಲೆಕ್ಕದ ಮೇಲೆಯೇ ನಿಂತಿವೆ.

ಮೊದಲ ಸಲ ಒಬ್ಬರೇ ಹೋಗುವುದಾದರೆ ಯಾವ ಸರೋವರ?

ಹಿಮಾಚಲದ ಬಿಯಾಸ್ ಕುಂಡ. ಎತ್ತರ ಸುಮಾರು 3,700 ಮೀಟರ್. ಮನಾಲಿಯಿಂದ ಸೋಲಂಗ್, ಧುಂಢಿ, ಬಕರ್‌ಥಾಚ್ ಮೂಲಕ ಹೋಗುವ ದಾರಿ ಸ್ಪಷ್ಟವಾಗಿದೆ, ದಾಟಬೇಕಾದ ದೊಡ್ಡ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ಯಾವುದೂ ಇಲ್ಲ, ತಲೆನೋವು ಶುರುವಾದರೆ ಅರ್ಧ ದಿನದಲ್ಲಿ ರಸ್ತೆಗೆ ಇಳಿಯಬಹುದು. ಒಬ್ಬರೇ ಹೋಗುವವರು ದಾರಿ ಆರಿಸುವಾಗ ನೋಡಬೇಕಾದ ಮೊದಲ ಗುಣ ಇದೇ: ಇಳಿಯುವುದು ಎಷ್ಟು ಸುಲಭ?

ಇದಕ್ಕೂ ಮುಂಚೆ ಟೆಂಟು, ಸ್ಟೌ ಎಲ್ಲ ಪರೀಕ್ಷಿಸಿ ನೋಡಬೇಕೆಂದರೆ ಮಂಡಿ ಪಟ್ಟಣದ ಹತ್ತಿರದ ಪರಾಶರ್ ಸರೋವರ (2,730 ಮೀ.) ಸಾಕು. ಭೃಗು ಸರೋವರ ಹತ್ತಿರವೆಂದು ಕಾಣುತ್ತದೆ, ಆದರೆ ಮನಾಲಿಯಿಂದ ಎರಡೇ ದಿನದಲ್ಲಿ 4,200 ಮೀಟರ್ ದಾಟಿಸುವುದರಿಂದ ಕಡಲ ಮಟ್ಟದಿಂದ ಬಂದವರನ್ನು ಚೆನ್ನಾಗಿ ಸತಾಯಿಸುತ್ತದೆ. ಚಂದ್ರತಾಲ್ (ಸುಮಾರು 4,250 ಮೀ.) ಹತ್ತಿರದವರೆಗೆ ಗಾಡಿ ಹೋಗುತ್ತದೆ. ಅಪಾಯ ಇರುವುದೇ ಅಲ್ಲಿ, ಅದರ ಬಗ್ಗೆ ಮುಂದೆ ಹೇಳಿದೆ.

ಕಾಶ್ಮೀರ ಗ್ರೇಟ್ ಲೇಕ್ಸ್ ಒಬ್ಬರೇ ಮಾಡಬಹುದೇ?

ಸ್ಥಳೀಯ ಗೈಡ್ ಇಲ್ಲದೆ ಬೇಡ. ಸೋನಮರ್ಗ್‌ನಿಂದ ನಾರಾನಾಗ್‌ವರೆಗೆ ಸುಮಾರು 70 ಕಿ.ಮೀ.; ವಿಷನ್‌ಸರ್, ಕಿಷನ್‌ಸರ್, ಗಡ್‌ಸರ್, ಸತ್‌ಸರ್, ಗಂಗಬಲ್, ನುಂದ್‌ಕೋಲ್ ಒಂದೇ ದಾರಿಯಲ್ಲಿ ಸಿಗುತ್ತವೆ. ಫೋಟೋ ದೃಷ್ಟಿಯಿಂದ ಇದಕ್ಕೆ ಸಾಟಿ ಕಡಿಮೆ. ಆದರೆ ಸುಮಾರು 4,200 ಮೀಟರಿನ ಗಡ್‌ಸರ್ ಪಾಸ್ ದಾಟಿದ ಮೇಲೆ ಹಿಂದಕ್ಕೂ ದೂರ, ಮುಂದಕ್ಕೂ ದೂರ. ನಡುವೆ ಸೇನೆಯ ತಪಾಸಣಾ ಠಾಣೆಗಳಿವೆ. ಮೂಲ ಆಧಾರ್ ಕಾರ್ಡ್ ಬೇಕು, ಜೆರಾಕ್ಸ್ ನಡೆಯುವುದಿಲ್ಲವೆಂದೇ ಇಟ್ಟುಕೊಳ್ಳಿ. ಠಾಣೆಯ, ಸೈನಿಕರ ಫೋಟೋ ತೆಗೆಯುವಂತಿಲ್ಲ. ಭದ್ರತೆಯ ಕಾರಣಕ್ಕೆ ದಾರಿ ಮುಚ್ಚುವುದುಂಟು, ಆದ್ದರಿಂದ ಟಿಕೆಟ್ ತೆಗೆಸುವ ಮುನ್ನ ಗಾಂದರ್‌ಬಲ್ ಜಿಲ್ಲಾಡಳಿತದ ಆಗಿನ ಆದೇಶ ವಿಚಾರಿಸಿ.

ಗೈಡ್ ಜೊತೆಗಿದ್ದರೆ "ಸೋಲೋ" ಆಗುವುದಿಲ್ಲ ಎಂದು ಕೊರಗುವವರಿದ್ದಾರೆ. ಒಬ್ಬ ಗೈಡ್, ಒಂದು ಕುದುರೆ, ನೀವು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಎನ್ನುವುದೆಲ್ಲ ನಿಮ್ಮ ಕೈಯಲ್ಲೇ ಇರುತ್ತದೆ. ಇಪ್ಪತ್ತು ಜನರ ಗುಂಪಿನಲ್ಲಿ ಅದು ಸಿಗುವುದಿಲ್ಲ.

ಯಾವ ತಿಂಗಳು?

ಸೆಪ್ಟೆಂಬರ್ ಎರಡನೇ ವಾರದಿಂದ ಕೊನೆಯವರೆಗೆ ಹಿಮಾಚಲ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಾಶ್ಮೀರ. ಲಾಹುಲ್–ಸ್ಪಿತಿ ಮಳೆ ನೆರಳಿನ ಪ್ರದೇಶ, ಆದರೆ ಅಲ್ಲಿಗೆ ಹೋಗಲು ದಾಟಬೇಕಾದ ಮಂಡಿ–ಕುಲು–ಮನಾಲಿ ರಸ್ತೆ ಮಳೆಯ ನೆರಳಿನಲ್ಲಿಲ್ಲ. ಜುಲೈ–ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿಯುವುದು ಮಾಮೂಲು. ಜೂನ್‌ನಲ್ಲಿ ಎತ್ತರದ ಸರೋವರಗಳಲ್ಲಿ ಇನ್ನೂ ಮಂಜುಗಡ್ಡೆ ಇರುತ್ತದೆ, ಪ್ರತಿಬಿಂಬ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಆಕಾಶ ತಿಳಿ, ಆದರೆ ರಾತ್ರಿ ಸೊನ್ನೆಗಿಂತ ಸಾಕಷ್ಟು ಕೆಳಗೆ ಹೋಗುತ್ತದೆ, ಪ್ರವಾಸಿಗರಿಗೆ ಡೇರೆ ಬಾಡಿಗೆಗೆ ಕೊಡುವವರು ಗಂಟುಮೂಟೆ ಕಟ್ಟಿರುತ್ತಾರೆ.

ಗಣೇಶ ಹಬ್ಬದ ರಜೆಗೆ ಸೇರಿಸಿ ಹೋಗುವುದು ಮುಂಬೈ–ಪುಣೆಯವರ ರೂಢಿ. ಹಬ್ಬ ಆಗಸ್ಟ್‌ನಲ್ಲಿ ಬಂದ ವರ್ಷ ಹಿಮಾಚಲ ಬಿಟ್ಟುಬಿಡಿ.

ಎಷ್ಟು ದಿನ ರಜೆ ಹಾಕಬೇಕು?

ಬಿಯಾಸ್ ಕುಂಡ ಮತ್ತು ಚಂದ್ರತಾಲ್ ಎರಡಕ್ಕೂ ಸೇರಿ, ದಿಲ್ಲಿಯಿಂದ ದಿಲ್ಲಿಗೆ 12 ದಿನ. ಹತ್ತರಲ್ಲಿ ಮುಗಿಸಬಹುದು ಎನ್ನುವವರು ಮೀಸಲು ದಿನ ಇಟ್ಟಿರುವುದಿಲ್ಲ.

ಮೊದಲ ರಾತ್ರಿ ಬಸ್ಸಿನಲ್ಲಿ. 2ನೇ ದಿನ ಮನಾಲಿಯಲ್ಲಿ (2,050 ಮೀ.) ಸುಮ್ಮನೆ ಇರಿ, ಗ್ಯಾಸ್ ಕೊಳ್ಳಿ, ನಿದ್ದೆ ಮಾಡಿ. 3ನೇ ರಾತ್ರಿ ಧುಂಢಿ (2,840 ಮೀ.). 4 ಮತ್ತು 5ನೇ ರಾತ್ರಿ ಬಕರ್‌ಥಾಚ್ (ಸುಮಾರು 3,300 ಮೀ.). ಕುಂಡಕ್ಕೆ ಹೋಗಿ ಬರುವುದು ಅಲ್ಲಿಂದಲೇ. ಎರಡು ರಾತ್ರಿ ಇದ್ದರೆ ಎರಡು ಬೆಳಗು ಸಿಗುತ್ತವೆ. ಒಂದು ಮೋಡದಲ್ಲಿ ಹೋದರೂ ಇನ್ನೊಂದು ಉಳಿಯುತ್ತದೆ. 6ನೇ ದಿನ ಮನಾಲಿಗೆ ವಾಪಸ್, ಸ್ನಾನ, ಚಾರ್ಜಿಂಗ್. 7ನೇ ದಿನ ಅಟಲ್ ಸುರಂಗ ದಾಟಿ ಸಿಸ್ಸುವಿನಲ್ಲಿ (ಸುಮಾರು 3,100 ಮೀ.) ವಸತಿ. 8ನೇ ದಿನ ಗ್ರಾಂಫೂ, ಛತ್ರು, ಬಾತಲ್ ದಾರಿಯಾಗಿ ಚಂದ್ರತಾಲ್, ಎರಡು ರಾತ್ರಿ. 10ನೇ ದಿನ ಮನಾಲಿ, 11ನೇ ದಿನ ಮೀಸಲು, 12ಕ್ಕೆ ದಿಲ್ಲಿ.

ಬೇಸಿಗೆಯಲ್ಲಿ ಓಡುವ ಮನಾಲಿ–ಕಾಜಾ ಸರ್ಕಾರಿ ಬಸ್ ಬಾತಲ್‌ನಲ್ಲಿ ಇಳಿಸುತ್ತದೆ; ಅಲ್ಲಿಂದ ಸರೋವರಕ್ಕೆ ಸುಮಾರು 14 ಕಿ.ಮೀ. ಗ್ರಾಂಫೂ ದಾಟಿದ ಮೇಲಿನ ರಸ್ತೆಯನ್ನು ರಸ್ತೆ ಎಂದು ಕರೆಯುವುದೇ ಒಂದು ಸೌಜನ್ಯ. ಕ್ಯಾಮೆರಾ ಚೀಲ ಸೀಟಿನ ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಳ್ಳಿ.

ಇಲ್ಲಿಂದ ಹೋಗುವುದು ಹೇಗೆ? ಸಾಮಾನಿನಲ್ಲಿ ಏನು ಒಯ್ಯುವಂತಿಲ್ಲ?

ಮುಂಬೈನಿಂದ ರಾಜಧಾನಿಯಲ್ಲಿ ದಿಲ್ಲಿ, ಕಾಶ್ಮೀರಿ ಗೇಟ್‌ನಿಂದ ಮನಾಲಿ ಬಸ್. ಗೋವಾದವರಿಗೆ ವಾಸ್ಕೋದಿಂದ ಬೆಳಗಾವಿ, ಪುಣೆ ಮೇಲೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಇದೆ. ಮಡಗಾಂವ್‌ನಿಂದ ಚಂಡೀಗಢಕ್ಕೆ ನೇರ ಹೋಗುವ ಗೋವಾ ಸಂಪರ್ಕ ಕ್ರಾಂತಿ ಸಿಕ್ಕರೆ ದಿಲ್ಲಿಯ ಗದ್ದಲವೇ ತಪ್ಪುತ್ತದೆ. ಪುಣೆಯಿಂದ ಜಮ್ಮುವಿಗೆ ಝೇಲಂ ಎಕ್ಸ್‌ಪ್ರೆಸ್. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ನಡುವೆ ವಂದೇ ಭಾರತ್ ಓಡುತ್ತಿರುವುದರಿಂದ ಕಾಶ್ಮೀರಕ್ಕೂ ರೈಲಿನಲ್ಲೇ ಹೋಗಬಹುದು.

ಕ್ಯಾಂಪಿಂಗ್ ಗ್ಯಾಸ್ ಡಬ್ಬಿ ವಿಮಾನದಲ್ಲಿ ನಿಷಿದ್ಧ, ರೈಲಿನಲ್ಲೂ ಅಪರಾಧ. ಮನಾಲಿ ಅಥವಾ ಶ್ರೀನಗರದಲ್ಲೇ ಕೊಳ್ಳಿ. ಲೈಟರ್, ಬೆಂಕಿಪೊಟ್ಟಣವನ್ನೂ ಅಲ್ಲೇ ಕೊಳ್ಳಿ. ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳು ಕೈಚೀಲದಲ್ಲಿ ಇರಬೇಕು, ಚೆಕ್-ಇನ್ ಲಗೇಜಿನಲ್ಲಲ್ಲ. ಟ್ರೆಕಿಂಗ್ ಕೋಲು ಮತ್ತು ಚಾಕು ಇದಕ್ಕೆ ತಿರುಗುಮುರುಗು: ಚೆಕ್-ಇನ್‌ನಲ್ಲಿ ಮಾತ್ರ.

ವಾರವಾರ ಸಿಂಹಗಡ ಹತ್ತುತ್ತೇನೆ. ತಯಾರಿ ಸಾಕಲ್ಲವೇ?

ಕಾಲಿಗೆ ಸಾಕು, ಬೆನ್ನಿಗೆ ಸಾಲದು. ಆತ್ಕರ್‌ವಾಡಿಯಿಂದ ಸಿಂಹಗಡಕ್ಕೆ ಸುಮಾರು 600 ಮೀಟರ್ ಏರು. ಖಾಲಿ ಕೈಯಲ್ಲಿ ಹತ್ತಿ ಪಿಠಲಾ–ಭಾಕ್ರಿ ತಿಂದು ಇಳಿದರೆ ಅದು ಪಿಕ್‌ನಿಕ್. ಎರಡು ತಿಂಗಳು ಮೊದಲೇ ಸ್ಯಾಕ್‌ನಲ್ಲಿ ನೀರಿನ ಬಾಟಲಿ ತುಂಬಿ 5 ಕೆ.ಜಿ.ಯಿಂದ ಶುರುಮಾಡಿ, ವಾರಕ್ಕೆ ಒಂದೊಂದು ಕೆ.ಜಿ. ಏರಿಸುತ್ತ 12ಕ್ಕೆ ತನ್ನಿ. ಮಂಡಿ ನೋಯುವವರು ತುದಿಯಲ್ಲಿ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಮುಂಬೈನವರಿಗೆ ಬಾರಿ ಹಳ್ಳಿಯಿಂದ ಕಳಸೂಬಾಯಿ (1,646 ಮೀ.) ಒಳ್ಳೆಯ ಪರೀಕ್ಷೆ. ಗೋವಾದಲ್ಲಿ, ಅಥವಾ ವಾರಾಂತ್ಯ ಸಿಗದವರಿಗೆ, ಕಟ್ಟಡದ ಮೆಟ್ಟಿಲೇ ಗತಿ: ಹತ್ತು ಮಹಡಿ ಎಂದರೆ ಸುಮಾರು 30 ಮೀಟರ್, ಇಪ್ಪತ್ತು ಸಲ ಹತ್ತಿದರೆ ಒಂದು ಸಿಂಹಗಡ. ಇಳಿಯಲು ಲಿಫ್ಟ್ ಬಳಸಬೇಡಿ. ತೊಡೆ ಕಲಿಯಬೇಕಾದ್ದು ಇಳಿಯುವುದನ್ನೇ.

ಒಂದು ಮಾತು ಮರೆಯಬಾರದು. ಸಹ್ಯಾದ್ರಿಯಲ್ಲಿ ಎಷ್ಟೇ ಹತ್ತಿದರೂ ಎತ್ತರದ ಗಾಳಿಗೆ ದೇಹ ಒಗ್ಗುವುದಿಲ್ಲ. ಮ್ಯಾರಥಾನ್ ಓಡುವವರಿಗೂ ಆಲ್ಟಿಟ್ಯೂಡ್ ಸಿಕ್‌ನೆಸ್ (ಎತ್ತರಕ್ಕೆ ಒಗ್ಗದ ದೇಹಕ್ಕೆ ಬರುವ ಕಾಯಿಲೆ) ಬರುತ್ತದೆ, ಕೆಲವೊಮ್ಮೆ ಅವರಿಗೇ ಮೊದಲು, ಏಕೆಂದರೆ ಅವರು ಬೇಗ ಬೇಗ ಹತ್ತುತ್ತಾರೆ.

ಆಲ್ಟಿಟ್ಯೂಡ್ ಸಿಕ್‌ನೆಸ್ ಗುರುತಿಸುವುದು ಹೇಗೆ? ಒಬ್ಬರೇ ಇದ್ದಾಗ ಏನು ಮಾಡಬೇಕು?

4,000 ಮೀಟರಿನಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಶೇ. 60ರ ಆಸುಪಾಸು. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಪ್ರತಿ ಉಸಿರಿಗೆ ಸಿಗುವುದು ಕಡಿಮೆ. ದೇಹ ಒಗ್ಗಲು ದಿನಗಳು ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ನಿಯಮ ಇಷ್ಟು: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲು ಮೇಲೆ ಹತ್ತಿ ರಾತ್ರಿ ಕೆಳಗೆ ಬಂದು ಮಲಗುವುದು ಇನ್ನೂ ಒಳ್ಳೆಯದು.

ಚಂದ್ರತಾಲ್ ಕೆಡಿಸುವುದು ಇಲ್ಲೇ. ಬೆಳಗ್ಗೆ ಮನಾಲಿಯಲ್ಲಿ ತಿಂಡಿ ತಿಂದವರು ಸಂಜೆ ಅಲ್ಲಿಗಿಂತ 2,200 ಮೀಟರ್ ಎತ್ತರದ ಡೇರೆಯಲ್ಲಿರುತ್ತಾರೆ, ಮಧ್ಯರಾತ್ರಿ ವಾಂತಿ ಶುರುವಾಗುತ್ತದೆ. ಮೇಲಿನ ಯೋಜನೆಯಲ್ಲಿ ಮೊದಲು ಬಿಯಾಸ್ ಕುಂಡ, ನಡುವೆ ಸಿಸ್ಸು ಇಟ್ಟಿರುವುದು ಇದಕ್ಕಾಗಿಯೇ. ಹಾಗೆ ಮಾಡಿದರೂ ಕೊನೆಯ ಜಿಗಿತ 500 ಮೀಟರಿನ ನಿಯಮ ಮೀರುತ್ತದೆ. ಆದ್ದರಿಂದ ಮೊದಲ ಸಂಜೆ ಕ್ಯಾಮೆರಾ ಹೊತ್ತು ಓಡಾಡದೆ ಡೇರೆಯ ಹತ್ತಿರವೇ ಇರಿ. ಸಿಸ್ಸುವಿನಲ್ಲೇ ತಲೆನೋವಿದ್ದರೆ ಮೀಸಲು ದಿನವನ್ನು ಅಲ್ಲೇ ಖರ್ಚು ಮಾಡಿ.

ತಲೆನೋವಿನ ಜೊತೆಗೆ ವಾಕರಿಕೆ, ಊಟ ಬೇಡವೆನ್ನಿಸುವುದು, ತಲೆಸುತ್ತು, ವಿಪರೀತ ಸುಸ್ತು, ಇವುಗಳಲ್ಲಿ ಒಂದು ಸೇರಿದರೂ ಅದು ಸಿಕ್‌ನೆಸ್ ಎಂದೇ ತಿಳಿಯಿರಿ. ಬಿಸಿಲಿನಿಂದ ಇರಬಹುದು, ನೀರು ಕಡಿಮೆಯಾಗಿರಬಹುದು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಇದ್ದಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಮರುದಿನವೂ ಕಡಿಮೆಯಾಗದಿದ್ದರೆ 500ರಿಂದ 1,000 ಮೀಟರ್ ಕೆಳಗಿಳಿಯಿರಿ.

ತಡಮಾಡದೆ ಇಳಿಯಬೇಕಾದ ಲಕ್ಷಣಗಳು ಎರಡು ಬಗೆ. ಮಿದುಳಿನಲ್ಲಿ ಊತ ಬಂದರೆ ನಡಿಗೆ ತಪ್ಪುತ್ತದೆ: ನೆಲದ ಮೇಲೆ ಗೆರೆ ಎಳೆದು ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ಹಾಕಿ ನೋಡಿ. ತೂರಾಡಿದರೆ ಮುಗಿಯಿತು, ಬೆಳಗಾಗಲೆಂದು ಕಾಯುವಂತಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಕುಳಿತಲ್ಲೇ ಏದುಸಿರು, ಮಲಗಿದರೆ ಹೆಚ್ಚು ಕೆಮ್ಮು, ಕೆಲವೊಮ್ಮೆ ಕೆಂಪು ಛಾಯೆಯ ನೊರೆ ಕಫ. ಒಬ್ಬರೇ ಇರುವುದರ ನಿಜವಾದ ತೊಂದರೆ ಇಲ್ಲಿ ಗೊತ್ತಾಗುತ್ತದೆ: ಮಂಕಾದ ಮಿದುಳು ತಾನು ಸರಿಯಾಗಿದ್ದೇನೆಂದೇ ಹೇಳುತ್ತದೆ. ಅದಕ್ಕಾಗಿ ಸಂಜೆ 7 ಮತ್ತು ಬೆಳಗ್ಗೆ 5ಕ್ಕೆ ಫೋನಿನಲ್ಲಿ ಅಲಾರಂ ಇಟ್ಟು ಹತ್ತು ಹೆಜ್ಜೆಯ ಪರೀಕ್ಷೆ ಕಡ್ಡಾಯವಾಗಿ ಮಾಡಿ. ಪಕ್ಕದ ಡೇರೆಯವರಿಗೆ, ಕುರುಬರಿಗೆ ನೀವು ಒಬ್ಬರೇ ಇದ್ದೀರೆಂದು ಮೊದಲೇ ಹೇಳಿಡಿ.

ಡೈಮಾಕ್ಸ್ ತೆಗೆದುಕೊಳ್ಳಬೇಕೇ?

ಆಲ್ಟಿಟ್ಯೂಡ್ ಸಿಕ್‌ನೆಸ್ ತಡೆಯಲು ಕೊಡುವ ಮಾತ್ರೆ ಇದು; ವೈದ್ಯರನ್ನು ಕೇಳಿ. ಮುಂಜಾಗ್ರತೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇರುವವರು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬೆರಳು ಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರ ಸಹಜ ಅಡ್ಡಪರಿಣಾಮ. ಮಾತ್ರೆ ತಿಂದಿದ್ದೇನೆಂದು ಬೇಗ ಹತ್ತಿದರೆ ಪ್ರಯೋಜನವಿಲ್ಲ. ಮದ್ಯ ಮತ್ತು ನಿದ್ರೆ ಮಾತ್ರೆ ಎರಡೂ ಬೇಡ.

ಸ್ಯಾಕ್ ಎಷ್ಟು ಭಾರ ಇರಬೇಕು?

ನಿಮ್ಮ ತೂಕದ ಐದನೇ ಒಂದು ಭಾಗ. 65 ಕೆ.ಜಿ. ಇರುವವರಿಗೆ 13 ಕೆ.ಜಿ. ಈಗ ಐದು ದಿನಕ್ಕೆ ನಿಜವಾಗಿ ಏನಾಗುತ್ತದೆ ನೋಡೋಣ. 60 ಲೀಟರ್ ಸ್ಯಾಕ್ 1.8, ಟೆಂಟ್ 2, ಸ್ಲೀಪಿಂಗ್ ಬ್ಯಾಗ್ 1.4, ಮ್ಯಾಟ್ ಅರ್ಧ, ಬಟ್ಟೆ 2, ಸ್ಟೌ–ಪಾತ್ರೆ–ಗ್ಯಾಸ್ 0.8, ದಿನಕ್ಕೆ 650 ಗ್ರಾಂನಂತೆ ಆಹಾರ 3.25, ನೀರು 1.5, ಔಷಧಿ–ಟಾರ್ಚ್–ರಿಪೇರಿ ಸಾಮಾನು 0.7, ಫೋನ್–ಪವರ್ ಬ್ಯಾಂಕ್ 0.6. ಇಷ್ಟಕ್ಕೇ 14 ಕೆ.ಜಿ. ದಾಟಿತು, ಕ್ಯಾಮೆರಾ ಇನ್ನೂ ಹೊರಗಿದೆ. ಬಾಡಿ, ಎರಡು ಲೆನ್ಸ್, ಟ್ರೈಪಾಡ್ ಸೇರಿ 2.8 ಇಟ್ಟರೆ 17 ಮೀರುತ್ತದೆ.

ಕಡಿಮೆ ಮಾಡಲು ಮೂರು ದಾರಿ. ಒಂದು, ಪೋರ್ಟರ್ ಅಥವಾ ಕುದುರೆ. ಇದರಲ್ಲಿ ಅವಮಾನ ಏನೂ ಇಲ್ಲ. ಎರಡು, ಒಂದು ಕಡೆ ಟೆಂಟ್ ಹಾಕಿ ಅಲ್ಲಿಂದಲೇ ಸಣ್ಣ ಚೀಲದಲ್ಲಿ ಹೋಗಿ ಬರುವುದು. ಬಕರ್‌ಥಾಚ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೂರು, ಬಟ್ಟೆ. ಎಲ್ಲರೂ ಜಾಸ್ತಿ ಹೊರುವುದು ಬಟ್ಟೆಯನ್ನೇ. ನಡೆಯಲು ಒಂದು ಜೊತೆ, ಮಲಗಲು ಒಣಗಿದ ಒಂದು ಜೊತೆ, ಫ್ಲೀಸ್, ಡೌನ್ ಜಾಕೆಟ್, ಮಳೆಕೋಟು, ಮೂರು ಜೊತೆ ಉಣ್ಣೆ ಸಾಕ್ಸ್. ಜೀನ್ಸ್ ಒಯ್ದವರು ಒದ್ದೆಯಾದ ಮೇಲೆ ಎರಡು ದಿನ ಒಣಗಿಸುತ್ತಾರೆ. ಸ್ಲೀಪಿಂಗ್ ಬ್ಯಾಗಿನ ಕಂಫರ್ಟ್ ಮಟ್ಟ ಮೈನಸ್ 5 ಡಿಗ್ರಿ ಇರಲಿ. ಲೇಬಲ್ ಮೇಲೆ ದೊಡ್ಡದಾಗಿ ಬರೆದಿರುವುದು ಎಷ್ಟೋ ಸಲ ಎಕ್ಸ್‌ಟ್ರೀಮ್ ಅಂಕಿ, ಅದರಲ್ಲಿ ನಿದ್ದೆ ಬರುವುದಿಲ್ಲ, ಜೀವ ಮಾತ್ರ ಉಳಿಯುತ್ತದೆ.

ಊಟಕ್ಕೆ ಏನು ಒಯ್ಯಲಿ?

4,000 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಅಕ್ಕಿ ಅರೆಬೆಂದು ಉಳಿಯುತ್ತದೆ, ಬೇಳೆಯಂತೂ ಕುಕ್ಕರ್ ಇಲ್ಲದೆ ಬೇಯುವುದೇ ಇಲ್ಲ. ಆದ್ದರಿಂದ ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಗುವಂಥದ್ದೇ ಬೇಕು. ಅವಲಕ್ಕಿ ಇದರಲ್ಲಿ ರಾಜ: ಒಗ್ಗರಣೆ, ಹುಳಿಪುಡಿ, ಶೇಂಗಾ ಎಲ್ಲ ಮನೆಯಲ್ಲೇ ಬೆರೆಸಿ 100 ಗ್ರಾಂ ಪೊಟ್ಟಣ ಕಟ್ಟಿದರೆ ಒಂದು ಹೊತ್ತು. ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ರಾಗಿ ಹುರಿಹಿಟ್ಟು, ಬೆಲ್ಲ, ಲೋಣಾವಳದ ಚಿಕ್ಕಿ, ಶೇಂಗಾ ಹಿಂಡಿ, ತುಪ್ಪದ ಸಣ್ಣ ಡಬ್ಬಿ. ಖಡಕ್ ರೊಟ್ಟಿ ಎರಡನೇ ದಿನಕ್ಕೆ ಪುಡಿಯಾಗುತ್ತದೆ, ಅದನ್ನೇ ಬಿಸಿ ಸೂಪಿಗೆ ಸುರಿದುಕೊಂಡರಾಯಿತು. ಎತ್ತರದಲ್ಲಿ ಹಸಿವು ಸತ್ತಿರುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಇಲ್ಲದಿದ್ದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ.

230 ಗ್ರಾಂ ಗ್ಯಾಸ್ ಡಬ್ಬಿ ಒಬ್ಬರಿಗೆ ಐದಾರು ದಿನ ಬರುತ್ತದೆ, ಗಾಳಿಗೆ ಮರೆ ಕಟ್ಟಿಕೊಂಡರೆ. ಡಬ್ಬಿ ತಣ್ಣಗಾಗಿ ಉರಿ ಸಣ್ಣದಾದರೆ ಹತ್ತು ನಿಮಿಷ ಜಾಕೆಟ್ ಒಳಗಿಟ್ಟುಕೊಳ್ಳಿ. ಟೆಂಟಿನೊಳಗೆ ಸ್ಟೌ ಹಚ್ಚಬೇಡಿ. ಅದರಿಂದ ಬರುವ ವಿಷಾನಿಲ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ತೊರೆಯ ನೀರನ್ನು ಮೂರು ನಿಮಿಷ ಕುದಿಸಿ ಅಥವಾ ಫಿಲ್ಟರ್ ಮಾಡಿ. ಮೇಲೆ ಕುರಿಮಂದೆ ಇದ್ದೇ ಇರುತ್ತದೆ. ಫಿಲ್ಟರ್ ರಾತ್ರಿ ಹೆಪ್ಪುಗಟ್ಟಿದರೆ ಅದರ ನಳಿಕೆಗಳು ಕಣ್ಣಿಗೆ ಕಾಣದಂತೆ ಒಡೆಯುತ್ತವೆ, ಆದ್ದರಿಂದ ಅದೂ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಬೇಕು.

ಸರಿ, ಯಾವ ಲೆನ್ಸ್?

ಫುಲ್ ಫ್ರೇಮ್ ಆದರೆ 24–105 ಅಥವಾ 24–120 ಎಫ್/4 ಒಂದು, ನಕ್ಷತ್ರಗಳಿಗೆ 20 ಮಿ.ಮೀ. ಆಸುಪಾಸಿನ ಹಗುರ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಒಂದು. 70–200 ಎಫ್/2.8 ಮನೆಯಲ್ಲಿರಲಿ. ಸರೋವರ ಎಂದರೆ ವೈಡ್ ಎಂಬ ನಂಬಿಕೆ ಅರ್ಧ ಸತ್ಯ, 16 ಮಿ.ಮೀ.ನಲ್ಲಿ ಎದುರಿನ ಶಿಖರ ಕಡ್ಲೆಕಾಳಾಗುತ್ತದೆ. ಹೆಚ್ಚಿನ ಒಳ್ಳೆಯ ಚಿತ್ರಗಳು 35ರಿಂದ 85ರ ನಡುವೆ ಹುಟ್ಟುತ್ತವೆ. ಹೊಸದು ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ. ಮುಂಬೈ, ಪುಣೆ ಎರಡರಲ್ಲೂ ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಫಿಲ್ಟರ್, ಅಡಾಪ್ಟರ್ ರಿಂಗ್, ಬ್ಯಾಟರಿ ಮುಂತಾದ ಸಣ್ಣಪುಟ್ಟದ್ದಕ್ಕೆ ಮುಂಬೈ ಕೋಟೆ ಪ್ರದೇಶದ ಬೋರಾ ಬಜಾರ್ ಇದೆ.

ಪೋಲರೈಸರ್, ಟ್ರೈಪಾಡ್ ಬೇಕೇ?

ಎರಡೂ ಬೇಕು, ಎಚ್ಚರಿಕೆಯಿಂದ. ನೀರಿನ ತಳದ ಕಲ್ಲು ತೋರಿಸಲು ಪೋಲರೈಸರ್‌ಗೆ (ಹೊಳಪು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್) ಬದಲಿ ಇಲ್ಲ. ಆದರೆ ಅದನ್ನು ಪೂರ್ತಿ ತಿರುಗಿಸಿದರೆ ಪ್ರತಿಬಿಂಬವೂ ಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿ ನೋಡಿ. 24 ಮಿ.ಮೀ.ಗಿಂತ ವೈಡ್ ಆದರೆ ಆಕಾಶದ ಒಂದು ಪಟ್ಟಿ ಮಾತ್ರ ಕಡುಗಪ್ಪಾಗುತ್ತದೆ, ಆಗ ಕಳಚಿಬಿಡಿ. ಎತ್ತರದಲ್ಲಿ ಆಕಾಶ ಮೊದಲೇ ಗಾಢ ನೀಲಿ.

ಟ್ರೈಪಾಡ್ ಕಾರ್ಬನ್ ಆದರೆ 1.2ರಿಂದ 1.5 ಕೆ.ಜಿ. ಗಾಳಿಯಲ್ಲಿ ನಡುಗಂಬ ಎತ್ತಬೇಡಿ, ತೆಳು ಕಾಲುಗಳನ್ನು ಬಿಚ್ಚಬೇಡಿ, ಚೀಲವನ್ನು ನೆಲಕ್ಕೆ ತಾಗುವಂತೆ ತೂಗುಹಾಕಿ. ತೂಗಾಡುವ ಚೀಲ ಇನ್ನಷ್ಟು ಅಲುಗಾಡಿಸುತ್ತದೆ.

ಪ್ರತಿಬಿಂಬ ಕನ್ನಡಿಯಂತೆ ಬರುವುದು ಯಾವಾಗ?

ಸೂರ್ಯ ಹುಟ್ಟುವ ಮುಂಚಿನ ಅರ್ಧ ಗಂಟೆ, ಹುಟ್ಟಿದ ಮೇಲೆ ಒಂದು ಗಂಟೆ. ಬಿಸಿಲಿಗೆ ಇಳಿಜಾರು ಕಾದಂತೆ ಗಾಳಿ ಕಣಿವೆಯಿಂದ ಮೇಲೇರಲು ಶುರುವಾಗುತ್ತದೆ. 9–10 ಗಂಟೆಗೆ ನೀರು ಪೂರ್ತಿ ಕದಡಿರುತ್ತದೆ. ಸಂಜೆ ಗಾಳಿ ನಿಂತರೂ ನಂಬುವಂತಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಸೂರ್ಯೋದಯ ಸುಮಾರು 6 ಗಂಟೆ ಎಂದರೂ ಮೊದಲ ಬೆಳಕು ಬೀಳುವುದು ಶಿಖರದ ಮೇಲೆ, ನೀರಿನ ತನಕ ಇಳಿಯಲು ಇನ್ನೂ ಒಂದು ಗಂಟೆಯಾಗಬಹುದು. 5:15ಕ್ಕೆ ಜಾಗದಲ್ಲಿರಿ.

ಪ್ರತಿಬಿಂಬ ನಿಜ ದೃಶ್ಯಕ್ಕಿಂತ ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಅರ್ಧದಷ್ಟು ಬೆಳಕು) ಕತ್ತಲೆಯಾಗಿರುತ್ತದೆ. ಹಿಮದ ಶಿಖರ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಇಟ್ಟು ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) ತೆಗೆಯಿರಿ, ಅಥವಾ ಎರಡು ಸ್ಟಾಪ್ ಅಂತರದಲ್ಲಿ ಮೂರು ಫ್ರೇಮ್. ಎಡಿಟ್ ಮಾಡುವಾಗ ಪ್ರತಿಬಿಂಬವನ್ನು ಶಿಖರಕ್ಕಿಂತ ಬೆಳಗಿಸಬೇಡಿ. ಕಣ್ಣಿಗೆ ತಕ್ಷಣ ಸುಳ್ಳೆಂದು ತಿಳಿಯುತ್ತದೆ.

ಮೈ ನಡುಗಿದರೆ ಫೋಕಸ್ ತಪ್ಪುತ್ತದೆ. ಒಂದು ಗಂಟೆ ನಿಂತಾಗ ಚಳಿ ಹತ್ತುವುದು ಪಾದದಿಂದ. ಅರ್ಧ ಅಡಿ ಅಗಲದ ಫೋಮ್ ಮ್ಯಾಟ್ ತುಂಡು ಎರಡು ಒಯ್ದು ಅವುಗಳ ಮೇಲೆ ನಿಲ್ಲಿ. ತೆಳು ಕೈಗವಸಿನ ಮೇಲೆ ದಪ್ಪದ್ದು ಹಾಕಿಕೊಂಡರೆ ಬಟನ್ ಒತ್ತುವಾಗ ಮೇಲಿನದನ್ನು ಮಾತ್ರ ಕಳಚಬಹುದು.

ಆಕಾಶಗಂಗೆ ಸಿಗುತ್ತದೆಯೇ?

ಅಮಾವಾಸ್ಯೆಯ ಆಸುಪಾಸು, ಸೆಪ್ಟೆಂಬರ್‌ನಲ್ಲಿ ರಾತ್ರಿ 8ರಿಂದ 10ರೊಳಗೆ, ದಕ್ಷಿಣ–ನೈಋತ್ಯಕ್ಕೆ. ಮುಂಬೈ ಅಕ್ಷಾಂಶದಲ್ಲಿ ಅದರ ನಡುಭಾಗ ದಿಗಂತದಿಂದ 42 ಡಿಗ್ರಿಯವರೆಗೆ ಏರಿದರೆ ಚಂದ್ರತಾಲ್‌ನಲ್ಲಿ 28–29 ಡಿಗ್ರಿ ಮಾತ್ರ. ದಕ್ಷಿಣಕ್ಕೆ ಎತ್ತರದ ಬೆಟ್ಟವಿದ್ದರೆ ಅದರ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಹಗಲಲ್ಲೇ ದಿಕ್ಸೂಚಿ ಹಿಡಿದು ಜಾಗ ಗುರುತಿಸಿ. 20 ಮಿ.ಮೀ., ಎಫ್/2.8 ಅಥವಾ ಅದಕ್ಕಿಂತ ತೆರೆದ ಅಪರ್ಚರ್, 12–15 ಸೆಕೆಂಡ್, ಐಎಸ್‌ಒ 3200ರಿಂದ 6400. ಲೆನ್ಸಿನ ಅನಂತದ ಗುರುತು ನಂಬದೆ, ಹೊಳೆಯುವ ನಕ್ಷತ್ರವೊಂದನ್ನು ಪರದೆಯಲ್ಲಿ ಹಿಗ್ಗಿಸಿ ಕೈಯಿಂದ ಫೋಕಸ್ ಮಾಡಿ, ರಿಂಗಿನ ಮೇಲೆ ಟೇಪ್ ಅಂಟಿಸಿ.

ಚಂದ್ರತಾಲ್ 2005ರಿಂದ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೌಗು ಪ್ರದೇಶ. ದಂಡೆಯಲ್ಲಿ ಟೆಂಟ್ ಹಾಕುವಂತಿಲ್ಲ, ಡೇರೆಗಳು ಕೆಲವು ಕಿಲೋಮೀಟರ್ ದೂರದಲ್ಲಿವೆ. ರಾತ್ರಿ ಆ ದಾರಿ ನಡೆಯುವಾಗ ಎರಡು ಟಾರ್ಚ್ ಇರಲಿ, ಡೇರೆಯವರಿಗೆ ಮರಳುವ ಸಮಯ ಹೇಳಿ ಹೋಗಿ.

ಬ್ಯಾಟರಿ ಎಷ್ಟು?

20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 74 ವಾಟ್-ಅವರ್ (ವಿಮಾನದ ಮಿತಿ 100). ನಷ್ಟ ಕಳೆದು ಕೈಗೆ ಬರುವುದು 45–50. ಈಗಿನ ಮಿರರ್‌ಲೆಸ್ ಬ್ಯಾಟರಿ ಒಂದಕ್ಕೆ ಸುಮಾರು 16 ಬೇಕು. ಅಂದರೆ ಕ್ಯಾಮೆರಾ ಎರಡು ಸಲ, ಫೋನ್ ಮುಕ್ಕಾಲು ಭಾಗ, ಖಾಲಿ. ಐದು ದಿನಕ್ಕೆ ನಾಲ್ಕು ಕ್ಯಾಮೆರಾ ಬ್ಯಾಟರಿ ಮತ್ತು ಒಂದು ಪವರ್ ಬ್ಯಾಂಕ್ ಸರಿ. ಸ್ಯಾಕ್ ಮೇಲೆ ಹರಡುವ ಸೋಲಾರ್ ಫಲಕ ಜಾಹೀರಾತಿನಲ್ಲಿ ಚೆನ್ನಾಗಿ ಕಾಣುತ್ತದೆ. ನಡೆಯುವಾಗ, ಮೋಡದಲ್ಲಿ, ಅದರ ಭಾರಕ್ಕೆ ತಕ್ಕ ಕರೆಂಟ್ ಕೊಡುವುದಿಲ್ಲ. ಚಳಿಯಲ್ಲಿ ಸತ್ತಂತೆ ಕಾಣುವ ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗೆ ಮಾಡಿದರೆ ಇನ್ನೂ ಸ್ವಲ್ಪ ಹೊತ್ತು ನಡೆಯುತ್ತದೆ. ಬಿಡಿ ಬ್ಯಾಟರಿಗಳು ರಾತ್ರಿ ಮೈಗೆ ತಾಗಿಯೇ ಇರಲಿ.

ತೊರೆ ದಾಟುವಾಗ, ಸಿಡಿಲು ಬಂದಾಗ?

ಹಿಮ ಕರಗಿದ ನೀರು ಮಧ್ಯಾಹ್ನ ಏರುತ್ತದೆ, ಬೆಳಗಿನ ಜಾವ ಇಳಿದಿರುತ್ತದೆ. ಸಂಜೆ ಸೊಂಟದವರೆಗೆ ಇದ್ದ ತೊರೆ ಮರುದಿನ 6 ಗಂಟೆಗೆ ಮೊಣಕಾಲಿಗೆ ಬರಬಹುದು. ಈ ಕಡೆಯೇ ಟೆಂಟ್ ಹಾಕಿ ಕಾಯಿರಿ. ದಾಟುವಾಗ ಸ್ಯಾಕಿನ ಸೊಂಟಪಟ್ಟಿ ಬಿಚ್ಚಿರಬೇಕು, ಮುಖ ಪ್ರವಾಹದ ಎದುರಿಗೆ, ಎರಡು ಕೋಲು ಮತ್ತು ಎರಡು ಕಾಲಿನಲ್ಲಿ ಒಂದೇ ಒಂದು ಒಮ್ಮೆಗೆ ಚಲಿಸಬೇಕು. ಬರಿಗಾಲು ಬೇಡ. ಕ್ಯಾಮೆರಾ ಕುತ್ತಿಗೆಯಲ್ಲಿ ನೇತಾಡುವುದೂ ಬೇಡ, ಡ್ರೈ ಬ್ಯಾಗಿನಲ್ಲಿರಲಿ. ಮೊಣಕಾಲಿಗಿಂತ ಮೇಲೆ ರಭಸದ ನೀರಿದ್ದರೆ ಒಬ್ಬರೇ ದಾಟಬೇಡಿ.

ಪಾಸ್, ಏಣುಗಳಿಂದ ಮಧ್ಯಾಹ್ನ 12ರೊಳಗೆ ಇಳಿದಿರಿ. ಗುಡುಗು ಕೇಳಿದರೆ ಟ್ರೈಪಾಡ್, ಕೋಲು ದೂರ ಇಟ್ಟು ತಗ್ಗಿಗೆ ಹೋಗಿ. ಕಾರ್ಬನ್ ಕೂಡ ವಿದ್ಯುತ್ ಹರಿಸುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆ ಸ್ಯಾಟಲೈಟ್ ಮೆಸೆಂಜರ್ ಒಯ್ಯಬಹುದೇ?

ಬೇಡ. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್, ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಗೋವಾ ವಿಮಾನ ನಿಲ್ದಾಣದಲ್ಲೇ ಇದಕ್ಕಾಗಿ ವಿದೇಶಿ ಪ್ರವಾಸಿಗರನ್ನು ವಶಕ್ಕೆ ಪಡೆದದ್ದುಂಟು. ಬರೀ ಜಿಪಿಎಸ್ ಇರುವ ಕೈಗಡಿಯಾರಕ್ಕೆ ಅಡ್ಡಿಯಿಲ್ಲ. ಡ್ರೋನ್ ಕೂಡ ಬಿಡಿ, ಗಡಿ ಪ್ರದೇಶದಲ್ಲಿ ವಿಚಾರಣೆಗೆ ದಾರಿ.

ಬದಲಿಗೆ ಕಾಗದದ ವ್ಯವಸ್ಥೆ ಮಾಡಿ. ಯಾವ ರಾತ್ರಿ ಎಲ್ಲಿ, ಟೆಂಟಿನ ಬಣ್ಣ, ಬಸ್ ಅಥವಾ ಟ್ಯಾಕ್ಸಿ ವಿವರ ಬರೆದು ಮನೆಯವರಿಗೂ ಮನಾಲಿಯ ಹೋಟೆಲಿನವರಿಗೂ ಕೊಡಿ. "ಬರುತ್ತೇನೆ" ಎಂದು ಬಿಟ್ಟುಬಿಡದೆ "ಶನಿವಾರ ಸಂಜೆ 6ರೊಳಗೆ ಫೋನ್ ಬರದಿದ್ದರೆ ಭಾನುವಾರ ಬೆಳಗ್ಗೆ 8ಕ್ಕೆ 112ಕ್ಕೆ ತಿಳಿಸಿ" ಎಂದು ಗಂಟೆ ಸಮೇತ ಬರೆಯಿರಿ. ಆ ಗಂಟೆಯನ್ನು ನೀವೂ ಪಾಲಿಸಬೇಕು. ಜಮ್ಮು–ಕಾಶ್ಮೀರದಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಯುಪಿಐ ನಂಬಿ ಹೋಗಬೇಡಿ, ನೂರು–ಇನ್ನೂರರ ನೋಟುಗಳಿರಲಿ. ವಿಮೆ ಇದ್ದರೆ ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ಸೇರಿದೆಯೇ, ಒಬ್ಬರೇ ಹೋದರೆ ಅನ್ವಯಿಸುತ್ತದೆಯೇ ಎಂಬ ಮೂರು ಅಂಶ ಓದಿ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದೇ?

ಹೋಗುತ್ತಿದ್ದಾರೆ. ಟೆಂಟನ್ನು ರಸ್ತೆಯ ತುದಿಯಲ್ಲಿ ಹಾಕದೆ, ಕುಟುಂಬಗಳಿರುವ ಡೇರೆಗಳ ಹತ್ತಿರ ಹಾಕುವುದು ವಾಸಿ. ರಾತ್ರಿ ಬಸ್ಸಿಗೆ ಸರ್ಕಾರಿ ಬಸ್ಸನ್ನೇ ಆರಿಸಿ. ಎತ್ತರದಲ್ಲಿ ಮುಟ್ಟು ಹಿಂದುಮುಂದಾಗುವುದು ಅಸಹಜವಲ್ಲ. ದಿನಾಂಕ ದೂರವಿದ್ದರೂ ಬೇಕಾದ್ದು ಇಟ್ಟುಕೊಳ್ಳಿ. ಬಳಸಿದ್ದನ್ನು ಹೂಳದೆ ಜಿಪ್ ಚೀಲದಲ್ಲಿ ವಾಪಸ್ ತನ್ನಿ.

ಶೌಚ, ಕಸ?

ನೀರಿನಿಂದ 60–70 ಮೀಟರ್ ದೂರ, ಆರೇಳು ಇಂಚು ಆಳದ ಗುಂಡಿ, ಮುಚ್ಚಿ. ಟಿಶ್ಯೂ, ವೆಟ್ ವೈಪ್ಸ್ ಎಲ್ಲ ವಾಪಸ್. ಸರೋವರದಲ್ಲಿ ಸೋಪು ಬೇಡ. ಉತ್ತರಾಖಂಡದಲ್ಲಿ 2018ರ ಹೈಕೋರ್ಟ್ ಆದೇಶದಿಂದ ಬುಗ್ಯಾಲ್‌ಗಳಲ್ಲಿ (ಎತ್ತರದ ಹುಲ್ಲುಗಾವಲು) ರಾತ್ರಿ ತಂಗುವುದು ನಿಷೇಧವಾದದ್ದು ಇಂಥ ಕಸದಿಂದಲೇ.

ವಾಪಸ್ ಬಂದ ಮೇಲೆ ಲೆನ್ಸಿನೊಳಗೆ ಮಂಜು ಕಾಣುತ್ತಿದೆ. ಕೆಟ್ಟಿತೇ?

ಇಲ್ಲ, ತಣ್ಣಗಿನ ಗಾಜಿಗೆ ತೇವದ ಗಾಳಿ ತಾಗಿದ್ದು. ಮೇಲೆ ಇದ್ದಾಗಲೂ ಇದೇ ನಿಯಮ: ಟೆಂಟಿನೊಳಗೆ, ಹೋಮ್‌ಸ್ಟೇ ಒಳಗೆ ಬರುವ ಮುಂಚೆಯೇ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಮುಚ್ಚಿ, ಬೆಚ್ಚಗಾಗುವವರೆಗೆ ತೆರೆಯಬೇಡಿ. ಮಂಜು ಕಂಡಾಗ ಲೆನ್ಸ್ ಬಿಚ್ಚಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ.

ನಿಜವಾದ ಅಪಾಯ ಸೆಪ್ಟೆಂಬರ್‌ನ ಮುಂಬೈ, ಗೋವಾದ ತೇವದಲ್ಲಿದೆ. ಒದ್ದೆ ಚೀಲದಲ್ಲೇ ಕ್ಯಾಮೆರಾ ಬಿಟ್ಟು ಆಫೀಸಿಗೆ ಹೋದರೆ ಕೆಲವೇ ವಾರಗಳಲ್ಲಿ ಗಾಜಿನ ಮೇಲೆ ಜೇಡರ ಬಲೆಯಂಥ ಫಂಗಸ್ ಕಾಣಿಸಿಕೊಳ್ಳಬಹುದು. ಬಂದ ರಾತ್ರಿಯೇ ಎಲ್ಲ ಹೊರತೆಗೆದು ಒರೆಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಮತ್ತು ಸಣ್ಣ ತೇವಮಾಪಕದ ಜೊತೆ ಇಡಿ. ಮುಳ್ಳು ಶೇ. 40ರಿಂದ 50ರ ನಡುವೆ ಇರಬೇಕು. ಹರಳುಗಳ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಕಾರ್ಡಿನಲ್ಲಿರುವುದನ್ನು ಎರಡು ಹಾರ್ಡ್ ಡಿಸ್ಕಿಗೆ ನಕಲು ಮಾಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.